17ರ ಮಗ, 10 ವಾರದ ಸ್ಟೀರಾಯ್ಡ್: ಕಲಿಯುವ ಮಿದುಳಿಗೆ ಆದದ್ದೇನು?

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ 17 ವರ್ಷ. ಅವನ ಬ್ಯಾಗಿನಲ್ಲಿ ಸಿರಿಂಜುಗಳೂ ಎರಡು ಖಾಲಿ ಸೀಸೆಗಳೂ ಸಿಕ್ಕವು. ಕೂರಿಸಿಕೊಂಡು ಕೇಳಿದಾಗ, ಜಿಮ್ಮಿನ ಗೆಳೆಯನ ಮಾತು ಕೇಳಿ 10 ವಾರ, ವಾರಕ್ಕೆ 500 ಮಿಲಿಗ್ರಾಂ ಟೆಸ್ಟೋಸ್ಟಿರೋನ್ ಚುಚ್ಚಿಕೊಂಡೆ, ಕೊನೆಯ ನಾಲ್ಕು ವಾರ ಸ್ಟಾನೊಜೊಲಾಲ್ ಮಾತ್ರೆಯನ್ನೂ ನುಂಗಿದೆ ಎಂದು ಒಪ್ಪಿಕೊಂಡ. ನಿಲ್ಲಿಸಿ ಐದು ವಾರವಾಯಿತು ಎನ್ನುತ್ತಾನೆ. ಗಣಿತದಲ್ಲಿ ಚುರುಕಾಗಿದ್ದವನು ಈಗ ಎಷ್ಟು ಹೊತ್ತು ಓದಿದರೂ ತಲೆಗೆ ಹತ್ತುವುದಿಲ್ಲ ಎಂದು ಪುಸ್ತಕ ಮುಚ್ಚಿಡುತ್ತಾನೆ. ಅವನ ನೋಟ್‌ಬುಕ್ ತೆರೆದು ನೋಡಿದೆ. ಒಂದೇ ಲೆಕ್ಕವನ್ನು ಒಂದೇ ತಪ್ಪು ದಾರಿಯಲ್ಲಿ ಮೂರು ಸಲ ಮಾಡಿ, ಮೂರನೆಯದನ್ನು ಹಾಳೆ ಹರಿಯುವಂತೆ ಗೀಚಿ ಹಾಕಿದ್ದಾನೆ. ಚುಚ್ಚಿಕೊಳ್ಳುತ್ತಿದ್ದಾಗ ಮಾತು ಮಾತಿಗೂ ಸಿಡುಕುತ್ತಿದ್ದ, ಈಗ ಮಾತೇ ಇಲ್ಲ. ಟೆಸ್ಟೋಸ್ಟಿರೋನ್ ಮಿದುಳನ್ನು ಚುರುಕು ಮಾಡುತ್ತದೆ ಎಂದು ಅವನೇ ಎಲ್ಲೋ ಓದಿದ್ದನಂತೆ. ಅವನ ಮಿದುಳು ಶಾಶ್ವತವಾಗಿ ಕೆಟ್ಟಿತೇ? ಮೊದಲಿನಂತೆ ಕಲಿಯಬಲ್ಲನೇ? ಏನು ಮಾಡಿದರೆ ಸರಿಹೋದೀತು? ಮೂರು ತಿಂಗಳಲ್ಲಿ ಪರೀಕ್ಷೆಯಿದೆ, ಅದನ್ನು ಬಿಡಿಸಿಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಒಂದೇ ಭಯದಂತೆ ಕಾಣುವುದು ನಿಜಕ್ಕೂ ಎರಡು ಭಯ. ಔಷಧ ಮೈಯಲ್ಲಿದ್ದ ಆ 10 ವಾರಗಳಲ್ಲಿ ಮಿದುಳಿನ ರಚನೆಗೆ ಏನಾಯಿತು ಎಂಬುದು ಒಂದು; ಔಷಧ ನಿಂತ ಮೇಲೆ, ಈಗ, ಅವನಿಗೆ ಏನಾಗುತ್ತಿದೆ ಎಂಬುದು ಇನ್ನೊಂದು. ಇವೆರಡರ ಕಾರಣವೂ ಬೇರೆ, ಚಿಕಿತ್ಸೆಯೂ ಬೇರೆ. ನೀವು ಈಗ ಕಣ್ಣಾರೆ ನೋಡುತ್ತಿರುವ ಮಂಕು, ಮೌನ, ಓದು ತಲೆಗೆ ಹತ್ತದಿರುವುದು, ಇವುಗಳಲ್ಲಿ ಹೆಚ್ಚಿನ ಪಾಲು ಎರಡನೆಯದಕ್ಕೆ ಸೇರಿದ್ದು ಎಂಬುದು ನನ್ನ ಅಂದಾಜು. ಅದು ಸಾಮಾನ್ಯವಾಗಿ ವಾಸಿಯಾಗುವಂಥದ್ದು. ಹಾಗೆಂದು ಮೊದಲನೆಯದನ್ನು ತೇಲಿಸಿ ಬಿಡುವಂತಿಲ್ಲ. ಆದ್ದರಿಂದ ಎರಡನ್ನೂ ಬಿಡಿಸಿ ಹೇಳುತ್ತೇನೆ.

ಮೊದಲು ಹೆಸರಿನ ಗೊಂದಲವೊಂದನ್ನು ತೆಗೆದುಬಿಡೋಣ. ಸ್ಟೀರಾಯ್ಡ್ ಎಂದೊಡನೆ ಆಸ್ತಮಾದ ಇನ್‌ಹೇಲರ್, ಅಲರ್ಜಿಗೆ ಕೊಡುವ ಪ್ರೆಡ್ನಿಸೊಲೋನ್ ನೆನಪಾಗಿ, ಹಲವು ಮನೆಗಳಲ್ಲಿ ಮಗುವಿಗೆ ನಿಜಕ್ಕೂ ಬೇಕಾದ ಔಷಧವನ್ನೇ ನಿಲ್ಲಿಸಿಬಿಡುತ್ತಾರೆ. ಅವು ಕಾರ್ಟಿಕೋಸ್ಟೀರಾಯ್ಡ್‌ಗಳು, ಬೇರೆಯೇ ಗುಂಪು. ನಿಮ್ಮ ಮಗ ಬಳಸಿದ್ದು ಅನಬಾಲಿಕ್ ಸ್ಟೀರಾಯ್ಡ್, ಅಂದರೆ ಟೆಸ್ಟೋಸ್ಟಿರೋನ್ ಅಥವಾ ಅದನ್ನು ಹೋಲುವಂತೆ ಪ್ರಯೋಗಾಲಯದಲ್ಲಿ ತಯಾರಾದ ನ್ಯಾಂಡ್ರೊಲೋನ್, ಸ್ಟಾನೊಜೊಲಾಲ್, ಟ್ರೆನ್‌ಬೊಲೋನ್‌ನಂಥ ವಸ್ತುಗಳು. ಜಿಮ್ಮುಗಳಲ್ಲಿ ಇದರ ಜೊತೆಗೆ ಹೆಸರು ಕೇಳಿಬರುವ ಪ್ರೋಟೀನ್ ಪುಡಿ, ಕ್ರಿಯಾಟಿನ್ ಇವು ಸ್ಟೀರಾಯ್ಡ್ ಅಲ್ಲ. ಆದರೆ ಸಪ್ಲಿಮೆಂಟ್ ಎಂದು ಮಾರುವ ಕೆಲವು ಡಬ್ಬಿಗಳಲ್ಲಿ ಲೇಬಲ್ಲಿನಲ್ಲಿ ಕಾಣಿಸದ ಸ್ಟೀರಾಯ್ಡ್ ಪತ್ತೆಯಾದದ್ದೂ ಉಂಟು.

ಇನ್ನು ಪ್ರಮಾಣದ ಮಾತು. ಆರೋಗ್ಯವಂತ ವಯಸ್ಕ ಗಂಡಸಿನ ದೇಹ ದಿನಕ್ಕೆ ತಯಾರಿಸುವ ಟೆಸ್ಟೋಸ್ಟಿರೋನ್ ಸುಮಾರು 3ರಿಂದ 10 ಮಿಲಿಗ್ರಾಂ. ಪ್ರೌಢಾವಸ್ಥೆ ತಡವಾದ ಹುಡುಗರಿಗೆ ನನ್ನಂಥ ಹಾರ್ಮೋನು ವೈದ್ಯರು ಇದೇ ಟೆಸ್ಟೋಸ್ಟಿರೋನನ್ನು ಕೊಡುತ್ತೇವೆ. ಸಾಮಾನ್ಯವಾಗಿ ಆರಂಭಿಸುವುದು ತಿಂಗಳಿಗೊಮ್ಮೆ 50 ಮಿಲಿಗ್ರಾಂ ಚುಚ್ಚುಮದ್ದಿನಿಂದ, ಅದೂ ಕೆಲವು ತಿಂಗಳ ಮಟ್ಟಿಗೆ, ಮೂಳೆಯ ಬೆಳವಣಿಗೆಯ ಮೇಲೆ ಕಣ್ಣಿಟ್ಟು. ನಿಮ್ಮ ಮಗ ಹಾಕಿಸಿಕೊಂಡದ್ದು ತಿಂಗಳಿಗೆ 2000 ಮಿಲಿಗ್ರಾಂ, ಎಂದರೆ ಅದರ 40 ಪಟ್ಟು. ಅದೂ ಸೀಸೆಯ ಮೇಲೆ ಬರೆದದ್ದನ್ನು ನಂಬುವುದಾದರೆ; ಕಳ್ಳದಾರಿಯಲ್ಲಿ ಬಂದ ಸೀಸೆಯೊಳಗೆ ಇರುವುದಕ್ಕೂ ಲೇಬಲ್ಲಿಗೂ ಹಲವು ಸಲ ತಾಳೆಯಾಗುವುದಿಲ್ಲ. "ವೈದ್ಯರೂ ಕೊಡುತ್ತಾರಲ್ಲ" ಎಂಬ ವಾದವನ್ನು ಹುಡುಗರ ಬಾಯಲ್ಲಿ ನಾನು ಮೇಲಿಂದ ಮೇಲೆ ಕೇಳಿದ್ದೇನೆ. ಹೌದು, ವಸ್ತು ಒಂದೇ. ಆದರೆ ಅಷ್ಟು ಪ್ರಮಾಣದಲ್ಲಿ ಅದರ ಕೆಲಸ ಒಂದೇ ಆಗಿರುವುದಿಲ್ಲ.

ಅವನು ಓದಿದ ಮಾತನ್ನೂ ಸುಳ್ಳೆಂದು ತಳ್ಳಿಹಾಕಬೇಡಿ. ಅದು ಅರ್ಧ ನಿಜ, ಮತ್ತು ಆ ಅರ್ಧ ನಿಜವನ್ನು ಒಪ್ಪಿಕೊಂಡರೆ ಮಾತ್ರ ಉಳಿದರ್ಧವನ್ನು ಅವನು ಕೇಳಿಸಿಕೊಳ್ಳುತ್ತಾನೆ. ಮಿದುಳಿನಲ್ಲಿ ನೆನಪು ಮೂಡುವುದಕ್ಕೆ ಬಹಳ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಟೆಸ್ಟೋಸ್ಟಿರೋನನ್ನು ಗುರುತಿಸುವ ಗ್ರಾಹಿಗಳಿವೆ. ಗಂಡು ಇಲಿಯ ವೃಷಣ ತೆಗೆದರೆ ಆ ಭಾಗದ ನರಕೋಶಗಳ ನಡುವಿನ ಸಂಪರ್ಕಸ್ಥಾನಗಳು, ಅಂದರೆ ಸಿನ್ಯಾಪ್ಸ್‌ಗಳು, ಗಣನೀಯವಾಗಿ ಕಡಿಮೆಯಾಗುತ್ತವೆ. ಹಾರ್ಮೋನನ್ನು ಮರಳಿ ಕೊಟ್ಟರೆ ಮತ್ತೆ ಮೂಡುತ್ತವೆ. ಕೊರತೆಯಿದ್ದವನಿಗೆ ಕೊರತೆ ತುಂಬಿದರೆ ಲಾಭವಿದೆ ಎಂದಷ್ಟೇ ಇದರ ಅರ್ಥ. ಸಾಕಷ್ಟಿದ್ದವನಿಗೆ ಇನ್ನಷ್ಟು ಸುರಿದರೆ ಇನ್ನಷ್ಟು ಚುರುಕಾದಾನು ಎಂಬುದು ಅದರಿಂದ ಹೊರಡುವುದಿಲ್ಲ. ಹಾರ್ಮೋನುಗಳ ವಿಷಯದಲ್ಲಿ ಕಡಿಮೆಯಾದರೂ ತೊಂದರೆ, ಅತಿಯಾದರೂ ತೊಂದರೆ. ನಡುವಿನ ಹದದಲ್ಲಿ ಮಾತ್ರ ಕೆಲಸ ಸಲೀಸು.

ಹದಿಹರೆಯದಲ್ಲಿ ಈ ಹದ ಇನ್ನೂ ಸೂಕ್ಷ್ಮವಾಗುವುದು ಏಕೆಂದು ತಿಳಿಯಬೇಕಾದರೆ, ಪ್ಲಾಸ್ಟಿಸಿಟಿ ಎಂದು ನಾವು ಕರೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅನುಭವಕ್ಕೆ ತಕ್ಕಂತೆ ನರಕೋಶಗಳ ನಡುವಿನ ಸಂಪರ್ಕಗಳು ಬಲಗೊಳ್ಳುವ, ದುರ್ಬಲಗೊಳ್ಳುವ, ಹೊಸದಾಗಿ ಮೂಡುವ, ಇಲ್ಲವಾಗುವ ಗುಣಕ್ಕೆ ಆ ಹೆಸರು. 1973ರಲ್ಲಿ ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೋಮೊ ಅವರು ಮೊಲದ ಹಿಪೊಕ್ಯಾಂಪಸ್ಸಿನ ಒಂದು ನರಮಾರ್ಗವನ್ನು ಕೆಲವೇ ಕ್ಷಣ ವೇಗವಾಗಿ ಪ್ರಚೋದಿಸಿದಾಗ, ಅಲ್ಲಿನ ಸಂಪರ್ಕ ಗಂಟೆಗಟ್ಟಲೆ ಬಲವಾಗಿಯೇ ಉಳಿದದ್ದನ್ನು ವರದಿ ಮಾಡಿದರು. ಕಲಿಕೆಯ ಭೌತಿಕ ಗುರುತು ಹೇಗಿರಬಹುದು ಎಂಬ ಪ್ರಶ್ನೆಗೆ ಸಿಕ್ಕ ಮೊದಲ ಗಟ್ಟಿ ಸುಳಿವುಗಳಲ್ಲಿ ಅದು ಒಂದು. ಅದಕ್ಕೆ ದೀರ್ಘಕಾಲಿಕ ಬಲವರ್ಧನೆ ಎನ್ನುತ್ತೇವೆ. ಅದರ ಎದುರು ಮಗ್ಗುಲೂ ಇದೆ: ನಿಧಾನಗತಿಯ ಪ್ರಚೋದನೆಯಿಂದ ಸಂಪರ್ಕ ಕ್ಷೀಣಿಸುವುದು. ಜನ ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಕಲಿಕೆ ಎಂದುಕೊಳ್ಳುತ್ತಾರೆ. ಕಲಿತದ್ದು ತಪ್ಪೆಂದು ಗೊತ್ತಾದಾಗ ಅದನ್ನು ಸಡಿಲಿಸಿ ಹೊಸ ದಾರಿ ಹಿಡಿಯುವುದಕ್ಕೆ ಎರಡನೆಯದೂ ಅಷ್ಟೇ ಬೇಕು. ನಿಮ್ಮ ಮಗನ ನೋಟ್‌ಬುಕ್ಕಿನ ಆ ಮೂರು ಒಂದೇ ತೆರನ ಲೆಕ್ಕಗಳಿಗೆ ಮುಂದೆ ಮತ್ತೆ ಬರುತ್ತೇನೆ.

ಹದಿಹರೆಯದ ಮಿದುಳಿನಲ್ಲಿ ಈ ಎರಡೂ ಕೆಲಸಗಳು ಭರದಿಂದ ನಡೆದಿರುತ್ತವೆ. ಬಾಲ್ಯದಲ್ಲಿ ಧಾರಾಳವಾಗಿ ಮೂಡಿದ ಸಂಪರ್ಕಗಳಲ್ಲಿ ಬಳಕೆಯಿಲ್ಲದವನ್ನು ಮಿದುಳು ಸವರಿ ಹಾಕುತ್ತದೆ, ಉಳಿದವಕ್ಕೆ ಮೈಲಿನ್ ಎಂಬ ಹೊದಿಕೆ ತೊಡಿಸಿ ವೇಗ ಕೊಡುತ್ತದೆ. ಯೋಜನೆ, ಸಂಯಮ, ನಿಯಮ ಬದಲಾದಾಗ ತಾನೂ ಬದಲಾಗುವುದು, ಇವನ್ನು ನಿಭಾಯಿಸುವ ಹಣೆಯ ಹಿಂದಿನ ಭಾಗ ಕೊನೆಗೆ ಪಕ್ವವಾಗುತ್ತದೆ, ಸುಮಾರು 25ರ ವಯಸ್ಸಿನವರೆಗೂ. ಈ ಕೆಲಸವನ್ನು ಯಾವಾಗ, ಎಲ್ಲಿ, ಎಷ್ಟು ಮಾಡಬೇಕೆಂಬ ಸೂಚನೆಗಳಲ್ಲಿ ಒಂದು ಮುಖ್ಯ ಸೂಚನೆ ಟೆಸ್ಟೋಸ್ಟಿರೋನಿನದು. ಶೆರಿಲ್ ಸಿಸ್ಕ್ ಅವರ ತಂಡ ಹ್ಯಾಮ್‌ಸ್ಟರ್‌ಗಳೆಂಬ ಇಲಿಯಂಥ ಪುಟ್ಟ ಪ್ರಾಣಿಗಳಲ್ಲಿ ತೋರಿಸಿದ ಸಂಗತಿ ಇಲ್ಲಿ ನೆನೆಯಬೇಕಾದದ್ದು: ಹದಿಹರೆಯದಲ್ಲಿ ಟೆಸ್ಟೋಸ್ಟಿರೋನ್ ಸಿಗದ ಗಂಡು ಹ್ಯಾಮ್‌ಸ್ಟರ್‌ಗಳಿಗೆ ವಯಸ್ಕರಾದ ಮೇಲೆ ಅದನ್ನು ಕೊಟ್ಟರೂ ಕೆಲವು ನಡವಳಿಕೆಗಳು ಪೂರ್ತಿಯಾಗಿ ಬರಲಿಲ್ಲ. ಅಂದರೆ ಆ ವಯಸ್ಸಿನಲ್ಲಿ ಈ ಹಾರ್ಮೋನು ಮಿದುಳನ್ನು ಆ ಹೊತ್ತಿಗೆ ಮಾತ್ರ ಪ್ರಚೋದಿಸಿ ಸುಮ್ಮನಾಗುವುದಿಲ್ಲ, ಮಿದುಳನ್ನು ಕಟ್ಟುವುದರಲ್ಲೂ ಅದಕ್ಕೆ ಪಾಲಿದೆ. ವಯಸ್ಕನೊಬ್ಬ ಸ್ಟೀರಾಯ್ಡ್ ಚುಚ್ಚಿಕೊಂಡರೆ ಕಟ್ಟಿ ಮುಗಿದ ಮನೆಗೆ ಹಾನಿಯಾಗಬಹುದು. ಹುಡುಗ ಚುಚ್ಚಿಕೊಂಡಾಗ ಕಟ್ಟುವವರ ಕೈಗೆ ತಪ್ಪು ಅಳತೆಯ ದಾರ ಕೊಟ್ಟಂತೆ.

ಕಲಿಕೆಗೆ ನೇರವಾಗಿ ಸಂಬಂಧಿಸಿದ ಒಂದು ಪ್ರಯೋಗ ನನಗೆ ಮುಖ್ಯವೆನಿಸುತ್ತದೆ. ಗಂಡು ಇಲಿಗಳಲ್ಲಿ ಪ್ರೌಢಾವಸ್ಥೆಯ ಟೆಸ್ಟೋಸ್ಟಿರೋನ್ ಹಿಪೊಕ್ಯಾಂಪಸ್ಸಿನ ಸಿಎ1 ಎಂಬ ಪ್ರದೇಶದ ಸ್ವಭಾವವನ್ನೇ ಬದಲಿಸುತ್ತದೆ, ಒಂದೇ ಬಗೆಯ ಪ್ರಚೋದನೆಗೆ ಬಲವರ್ಧನೆಯ ಕಡೆಗಿದ್ದ ಒಲವನ್ನು ಅದರಿಂದ ದೂರ ಸರಿಸುತ್ತದೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇದು ರೋಗವಲ್ಲ, ಸಹಜ ಬೆಳವಣಿಗೆಯ ಭಾಗ. ಬಾಲ್ಯದಲ್ಲಿ ಕಂಡದ್ದನ್ನೆಲ್ಲ ಹಿಡಿದಿಡುತ್ತಿದ್ದ ಜಾಗ, ದೊಡ್ಡವನಾಗುತ್ತ ಆರಿಸಿ ಹಿಡಿಯಲು ತೊಡಗುತ್ತದೆ ಎಂದು ನಾನು ಅದನ್ನು ಅರ್ಥೈಸುತ್ತೇನೆ. ಸಹಜವಾದ ಪ್ರಮಾಣದ ಹಾರ್ಮೋನೇ ಇಷ್ಟು ಆಳದ ಹೊಂದಾಣಿಕೆ ಮಾಡುವುದಾದರೆ, ಅದರ ಹಲವು ಪಟ್ಟು ಆ ಹೊತ್ತಿನಲ್ಲಿ ನುಗ್ಗುವುದು ಹಗುರವಾದ ಸಂಗತಿಯಲ್ಲ.

ನುಗ್ಗಿದಾಗ ಆಗುವುದನ್ನೂ ಪ್ರಾಣಿಗಳಲ್ಲಿ ನೋಡಿದ್ದಾರೆ. ನ್ಯಾಂಡ್ರೊಲೋನ್ ಕೊಟ್ಟ ಇಲಿಗಳ ಹಿಪೊಕ್ಯಾಂಪಸ್ಸಿನಲ್ಲಿ ಹೊಸ ನರಕೋಶಗಳ ಹುಟ್ಟು ಕಡಿಮೆಯಾಯಿತು. ನೀರು ತುಂಬಿದ ತೊಟ್ಟಿಯಲ್ಲಿ ಮುಳುಗಿರುವ ಮೆಟ್ಟಿಲನ್ನು ನೆನಪಿಟ್ಟು ಹುಡುಕುವ ಪರೀಕ್ಷೆಯಲ್ಲಿ ಅಂಥ ಇಲಿಗಳು ಹಿಂದೆ ಬಿದ್ದವು. ಪ್ರೌಢಾವಸ್ಥೆಯಲ್ಲಿ ಸ್ಟೀರಾಯ್ಡ್ ಪಡೆದ ಗಂಡು ಇಲಿಗಳಲ್ಲಿ, ಭಯ ಮತ್ತು ಸಿಟ್ಟಿನ ಕೇಂದ್ರವಾದ ಅಮಿಗ್ಡಲಾದಲ್ಲೂ ಹಿಪೊಕ್ಯಾಂಪಸ್ಸಿನಲ್ಲೂ ನರಕೋಶದ ಕವಲುಗಳ ಮೇಲಿನ ಸಣ್ಣ ಮೊಳಕೆಗಳ ಸಂಖ್ಯೆ ಕಡಿಮೆಯಾಗುವುದರ ಬದಲು ಹೆಚ್ಚಾದದ್ದು ಕಂಡುಬಂತು. ಈ ಕೊನೆಯದನ್ನು ಓದಿ "ಸಂಪರ್ಕ ಹೆಚ್ಚಾಯಿತಲ್ಲ, ಒಳ್ಳೆಯದೇ" ಎಂದು ಹುಡುಗನೊಬ್ಬ ನನ್ನೆದುರು ವಾದಿಸಿದ್ದ. ಸವರಬೇಕಾದ ವಯಸ್ಸಿನಲ್ಲಿ ಮೊಳಕೆ ಹೆಚ್ಚುವುದು ಲಾಭವೆಂದು ಹೇಳಲಾಗದು. ಅದರಲ್ಲೂ ಸಿಟ್ಟಿನ ಕೇಂದ್ರದಲ್ಲಿ. ಹ್ಯಾಮ್‌ಸ್ಟರ್‌ಗಳಲ್ಲಿ ಹದಿಹರೆಯದ ಸ್ಟೀರಾಯ್ಡ್ ಆಕ್ರಮಣಶೀಲತೆಯನ್ನು ಹೆಚ್ಚಿಸಿತು, ಮನಸ್ಸನ್ನು ಹದದಲ್ಲಿಡುವ ಸೆರೊಟೋನಿನ್ ವ್ಯವಸ್ಥೆಯನ್ನು ತಗ್ಗಿಸಿತು, ಮತ್ತು ಆ ಕುಂದು ಔಷಧ ನಿಂತ ಮೇಲೂ ಕೆಲಕಾಲ ಉಳಿಯಿತು. ನಿಮ್ಮ ಮಗನ ಸಿಡುಕಿಗೆ ಇದರ ನೆರಳಿದ್ದಿರಬಹುದು.

ಈಗ ಆ ನೋಟ್‌ಬುಕ್ಕಿನ ವಿಷಯ. ಇಲಿಯೊಂದನ್ನು ಎರಡು ಸನ್ನೆಗಳು, ಅಂದರೆ ಒತ್ತುವ ಹಿಡಿಗಳು, ಇರುವ ಪೆಟ್ಟಿಗೆಯಲ್ಲಿ ಬಿಡುತ್ತಾರೆ. ಯಾವ ಸನ್ನೆಯ ಮೇಲೆ ದೀಪ ಹೊತ್ತಿದೆಯೋ ಅದನ್ನು ಒತ್ತಿದರೆ ಆಹಾರದ ಗುಳಿಗೆ ಬೀಳುತ್ತದೆ. ಇಲಿ ಇದನ್ನು ಚೆನ್ನಾಗಿ ಕಲಿಯುತ್ತದೆ. ಆಮೇಲೆ, ಯಾವ ಸೂಚನೆಯೂ ಇಲ್ಲದೆ ನಿಯಮ ಬದಲಾಗುತ್ತದೆ: ದೀಪ ಎಲ್ಲೇ ಇರಲಿ, ಒಂದು ಬದಿಯ ಸನ್ನೆ ಒತ್ತಿದರೆ ಮಾತ್ರ ಗುಳಿಗೆ. ಸಾಧಾರಣ ಇಲಿ ಕೆಲವು ಸಲ ತಪ್ಪಿ, ದೀಪದ ಹಿಂದೆ ಹೋಗುವುದನ್ನು ಬಿಟ್ಟು ಹೊಸ ನಿಯಮಕ್ಕೆ ಹೊರಳುತ್ತದೆ. ರೂತ್ ವುಡ್ ಅವರ ಪ್ರಯೋಗಾಲಯ 2015ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಅಧಿಕ ಪ್ರಮಾಣದ ಟೆಸ್ಟೋಸ್ಟಿರೋನ್ ಪಡೆದ ಗಂಡು ಇಲಿಗಳಿಗೆ ಈ ಹೊರಳುವಿಕೆಯೇ ಕಷ್ಟವಾಯಿತು, ನಿಯಮವನ್ನು ಪೂರ್ತಿ ತಿರುವು ಮುರುವು ಮಾಡಿದಾಗಲೂ ಹಿಂದೆ ಬಿದ್ದವು. ಸ್ಟೀರಾಯ್ಡ್ ಕಲಿಯುವ ಶಕ್ತಿಯನ್ನು ಅಳಿಸಿಹಾಕುತ್ತದೆ ಎಂದು ಹೆದರುವವರಿಗೆ ನಾನು ಇದನ್ನು ಹೇಳುವುದು ಇದಕ್ಕಾಗಿ: ಪೆಟ್ಟು ಬೀಳುವುದು ಹೆಚ್ಚಾಗಿ ಕಲಿತದ್ದನ್ನು ಬಿಟ್ಟು ಬೇರೆ ದಾರಿಗೆ ಹೊರಳುವ ನಮ್ಯತೆಗೆ. ಹುಡುಗ ಹೊರಗೆ ಚೆನ್ನಾಗಿಯೇ ಕಾಣುತ್ತಾನೆ, ಗೊತ್ತಿರುವುದನ್ನು ಮಾಡುತ್ತಾನೆ. ಹೊಸ ಬಗೆಯ ಲೆಕ್ಕ ಬಂದಾಗ ಮಾತ್ರ ಹಳೆಯ ದಾರಿಯಲ್ಲೇ ತಲೆ ಚಚ್ಚಿಕೊಳ್ಳುತ್ತಾನೆ. ಆದರೆ ಒಂದು ನೋಟ್‌ಬುಕ್ಕಿನ ಒಂದು ಪುಟ ನೋಡಿ ನಿಮ್ಮ ಮಗನಿಗೆ ಆದದ್ದು ಇದೇ ಎಂದು ನಾನು ತೀರ್ಪು ಕೊಡುವಂತಿಲ್ಲ. ನಿದ್ದೆಯಿಲ್ಲದ, ಮನಸ್ಸು ಕುಗ್ಗಿದ ಯಾವ ಹುಡುಗನೂ ಹಾಗೆಯೇ ಮಾಡಿಯಾನು.

ಮನುಷ್ಯರಲ್ಲಿ? ಹದಿಹರೆಯದವರಿಗೆ ಇಂಥ ಪ್ರಮಾಣದ ಸ್ಟೀರಾಯ್ಡ್ ಕೊಟ್ಟು ಪರೀಕ್ಷಿಸುವುದು ಯಾವ ನೀತಿಗೂ ಒಪ್ಪುವುದಿಲ್ಲವಾದ್ದರಿಂದ, ನಮಗಿರುವ ಆಧಾರ ವರ್ಷಗಟ್ಟಲೆ ತಾವಾಗಿ ಬಳಸಿದ ವಯಸ್ಕರದು. ಹ್ಯಾರಿಸನ್ ಪೋಪ್ ಅವರ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೀರ್ಘಕಾಲ ಬಳಸಿದವರ ದೃಶ್ಯ ಮತ್ತು ಸ್ಥಳ ಸಂಬಂಧಿ ನೆನಪು ಬಳಸದ ವೇಟ್‌ಲಿಫ್ಟರ್‌ಗಳಿಗಿಂತ ಕುಂದಿತ್ತು, ಮತ್ತು ಜೀವಮಾನದಲ್ಲಿ ಬಳಸಿದ ಒಟ್ಟು ಪ್ರಮಾಣ ಹೆಚ್ಚಿದಷ್ಟೂ ಕುಂದು ಹೆಚ್ಚಿತ್ತು; ಪ್ರತಿಕ್ರಿಯೆಯ ವೇಗ, ಗಮನ, ಮಾತಿನ ನೆನಪು ಇವುಗಳಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ನಾರ್ವೆಯಲ್ಲಿ ಆಸ್ಟ್ರಿಡ್ ಬ್ಯೋರ್ನೆಬೆಕ್ ಅವರ ತಂಡ 2017ರಲ್ಲಿ, ದೀರ್ಘಕಾಲ ಬಳಸಿದವರ ಮಿದುಳಿನ ಹೊರಪದರ ಹಲವು ಕಡೆ ತೆಳುವಾಗಿರುವುದನ್ನು ವರದಿ ಮಾಡಿತು. ಈ ಎರಡನ್ನೂ ನಿಮ್ಮ ಮಗನಿಗೆ ನೇರವಾಗಿ ಅಂಟಿಸುವುದು ತಪ್ಪಾಗುತ್ತದೆ. ಅವರದು ವರ್ಷಗಳ ಬಳಕೆ, ಇವನದು 10 ವಾರ. ಪ್ರಾಣಿಗಳ ಪ್ರಯೋಗಕ್ಕೂ ಇದೇ ಎಚ್ಚರ ಬೇಕು: ಇಲಿಯ ಹದಿಹರೆಯವೇ ಕೆಲವು ವಾರಗಳದ್ದು, ಆದ್ದರಿಂದ ಕೆಲವು ವಾರದ ಚುಚ್ಚುಮದ್ದು ಅದರ ಹದಿಹರೆಯವನ್ನೇ ನುಂಗಿಬಿಡುತ್ತದೆ. ನಿಮ್ಮ ಮಗನ ಹದಿಹರೆಯ ಹಲವು ವರ್ಷಗಳದ್ದು, ಅವನ ಮಿದುಳಿಗೆ ಇನ್ನೂ ಏಳೆಂಟು ವರ್ಷದ ಕಟ್ಟುವ ಕೆಲಸ ಬಾಕಿಯಿದೆ. ಮಾರ್ಪಡುವ ಗುಣವೇ ಅವನನ್ನು ಅಪಾಯಕ್ಕೆ ತೆರೆದದ್ದು, ಚೇತರಿಕೆಗೂ ನಾನು ನೆಚ್ಚುವುದು ಅದನ್ನೇ. ಎರಡನೆಯ ಸೈಕಲ್ (ಕೆಲವು ವಾರಗಳ ಒಂದು ಸುತ್ತಿನ ಬಳಕೆಗೆ ಜಿಮ್ಮಿನವರ ಹೆಸರು), ಮೂರನೆಯ ಸೈಕಲ್ ಎಂದು ಹೋಗುವವರ ವಿಷಯದಲ್ಲಿ ನನಗೆ ಈ ಧೈರ್ಯವಿಲ್ಲ.

ಇನ್ನು, ಈಗ ಅವನಿಗೆ ಆಗುತ್ತಿರುವುದು. ಮಿದುಳಿನ ಬುಡದ ಹೈಪೊಥಲಾಮಸ್ ಮತ್ತು ಪಿಟ್ಯುಟರಿ ಗ್ರಂಥಿಗಳು ರಕ್ತದಲ್ಲಿ ಟೆಸ್ಟೋಸ್ಟಿರೋನ್ ಎಷ್ಟಿದೆಯೆಂದು ಸದಾ ನೋಡಿಕೊಂಡು, ವೃಷಣಗಳಿಗೆ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಹಾರ್ಮೋನುಗಳ ಮೂಲಕ ಆಜ್ಞೆ ಕಳಿಸುತ್ತವೆ. ಹೊರಗಿನಿಂದ ಅಷ್ಟೊಂದು ಬಂದಾಗ ಆಜ್ಞೆ ನಿಲ್ಲುತ್ತದೆ, ವೃಷಣಗಳು ಕೆಲಸ ನಿಲ್ಲಿಸುತ್ತವೆ, ಕುಗ್ಗುತ್ತವೆ ಕೂಡ. ಚುಚ್ಚುಮದ್ದು ನಿಂತರೂ ಎಣ್ಣೆಯಲ್ಲಿ ಬೆರೆಸಿದ ಔಷಧ ಸ್ನಾಯುವಿನಿಂದ ನಿಧಾನವಾಗಿ ಇಳಿಯುತ್ತದೆ. ಹಾಗಾಗಿ ನಿಲ್ಲಿಸಿದ ಮೊದಲ ವಾರಗಳಲ್ಲಿ ಹುಡುಗ ಚೆನ್ನಾಗಿಯೇ ಇರುತ್ತಾನೆ. ಆಮೇಲೆ ಹೊರಗಿನದು ಮುಗಿದಿರುತ್ತದೆ, ಒಳಗಿನದು ಇನ್ನೂ ಎದ್ದಿರುವುದಿಲ್ಲ. ನಾಲ್ಕೈದನೆಯ ವಾರಕ್ಕೆ ತಂದೆತಾಯಿ ಗಾಬರಿಯಾಗಿ ನಮ್ಮಲ್ಲಿಗೆ ಬರುವುದು ಇದೇ ಕಾರಣಕ್ಕೆ. ಯಾವುದರಲ್ಲೂ ಆಸಕ್ತಿಯಿಲ್ಲ, ನಿದ್ದೆ ಕೆಟ್ಟಿರುತ್ತದೆ, ಕನ್ನಡಿಯಲ್ಲಿ ಸ್ನಾಯು ಇಳಿಯುವುದು ಕಂಡು ಕುಗ್ಗಿಹೋಗಿರುತ್ತಾನೆ, ಓದಿದ್ದು ನಿಲ್ಲುವುದಿಲ್ಲ. ಇದು ಮಿದುಳು ಸವೆದದ್ದರ ಗುರುತಲ್ಲ, ಹಾರ್ಮೋನು ಬರಿದಾದದ್ದರ ಗುರುತು. ಈ ಹೊತ್ತಿನಲ್ಲಿ ಅವನ ಬುದ್ಧಿಯನ್ನು ಅಳೆಯಲು ಹೋಗುವುದು ಜ್ವರದಲ್ಲಿರುವವನ ಓಟದ ವೇಗ ಅಳೆದಂತೆ.

ಇಲ್ಲಿ ಒಂದು ಮಾತನ್ನು ಬೇರೆ ಎಲ್ಲಕ್ಕಿಂತ ಮೊದಲು ಹಿಡಿದುಕೊಳ್ಳಿ. ನಿಲ್ಲಿಸಿದ ನಂತರದ ಈ ಖಿನ್ನತೆಯಲ್ಲಿ ಕೆಲವರಿಗೆ ಸಾಯುವ ಯೋಚನೆ ಬರುತ್ತದೆ. "ಬದುಕೇ ಬೇಡ ಅನ್ನಿಸುತ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬುದು ಸುಳ್ಳು. ಹೌದೆಂದರೆ, ಅಥವಾ ಉತ್ತರ ತಪ್ಪಿಸಿದರೆ, ಅವನನ್ನು ಒಂಟಿಯಾಗಿ ಬಿಡದೆ ಅದೇ ದಿನ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಹಾರ್ಮೋನಿನ ವಿಚಾರ ಆಮೇಲೆ.

ಹಾಗಿಲ್ಲವಾದರೆ ಈ ವಾರದೊಳಗೆ ಹಾರ್ಮೋನು ತಜ್ಞರನ್ನು ಕಾಣಿ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಟೆಸ್ಟೋಸ್ಟಿರೋನ್, ಎಲ್‌ಎಚ್, ಎಫ್‌ಎಸ್‌ಎಚ್ ನೋಡಬೇಕು. ಸ್ಟಾನೊಜೊಲಾಲ್ ಮಾತ್ರೆ ಯಕೃತ್ತಿಗೆ ಕೆಡುಕು, ಅದರ ಪರೀಕ್ಷೆಯೂ ಬೇಕು. ರಕ್ತ ದಪ್ಪಗಾಗಿದೆಯೇ, ಕೊಲೆಸ್ಟರಾಲ್ ಏರುಪೇರಾಗಿದೆಯೇ, ರಕ್ತದೊತ್ತಡ ಎಷ್ಟು ಎಂದೂ ನೋಡುತ್ತಾರೆ. ಸೂಜಿಯನ್ನು ಯಾರೊಂದಿಗಾದರೂ ಹಂಚಿಕೊಂಡಿದ್ದರೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳನ್ನು ಬಿಡುವಂತಿಲ್ಲ. ಮಣಿಕಟ್ಟಿನ ಎಕ್ಸ್‌ರೇ ಕೂಡ ಕೇಳಿ, ಏಕೆಂದರೆ ಈ ವಯಸ್ಸಿನಲ್ಲಿ ಅತಿಯಾದ ಟೆಸ್ಟೋಸ್ಟಿರೋನ್ ದೇಹದಲ್ಲಿ ಈಸ್ಟ್ರೊಜೆನ್ ಆಗಿ ಮಾರ್ಪಟ್ಟು ಮೂಳೆ ಬೆಳೆಯುವ ತುದಿಗಳನ್ನು ಬೇಗ ಮುಚ್ಚಿಬಿಡಬಹುದು, ಆಗ ಎತ್ತರ ಅಲ್ಲಿಗೇ ನಿಲ್ಲುತ್ತದೆ. ವೈದ್ಯರ ಮುಂದೆ ಅವನು ಸ್ವಲ್ಪ ಹೊತ್ತು ಒಬ್ಬನೇ ಮಾತಾಡುವಂತೆ ಬಿಟ್ಟು ಹೊರಗೆ ಕುಳಿತುಕೊಳ್ಳಿ. ನಿಜವಾದ ಪ್ರಮಾಣ, ನಿಜವಾದ ಅವಧಿ ಹೊರಬರುವುದು ಹೆಚ್ಚಾಗಿ ಆಗಲೇ. 10 ವಾರ ಎಂದವನು ಬಾಗಿಲು ಮುಚ್ಚಿದ ಮೇಲೆ "ಹೋದ ವರ್ಷವೂ ಒಮ್ಮೆ" ಎಂದದ್ದನ್ನು ನಾನು ಕೇಳಿದ್ದೇನೆ. ಖಾಲಿ ಸೀಸೆಗಳನ್ನು ಎಸೆಯದೆ ಜೊತೆಗೆ ಒಯ್ಯಿರಿ.

ಮುಂದಿನ ದಾರಿಗಳಲ್ಲಿ ನಾನು ಹೆಚ್ಚಾಗಿ ಆರಿಸುವುದು ಕಾಯುವುದನ್ನು. ಒಂದೇ ಒಂದು ಸಣ್ಣ ಅವಧಿಯ ಬಳಕೆಯ ನಂತರ ಒಳಗಿನ ವ್ಯವಸ್ಥೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗಿ ಮರಳುತ್ತದೆ, ಕೆಲವರಿಗೆ ಇನ್ನೂ ಹೆಚ್ಚು ಸಮಯ ಹಿಡಿಯುತ್ತದೆ. ಆಗಾಗ ರಕ್ತ ಪರೀಕ್ಷೆ ಮಾಡಿಸಿ ಎಲ್‌ಎಚ್ ಏರುತ್ತಿದೆಯೇ ಎಂದು ನೋಡುತ್ತೇವೆ. ಇದರ ತೊಡಕೆಂದರೆ ಈ ತಿಂಗಳುಗಳು ಹುಡುಗನಿಗೆ ಕಷ್ಟದವು, ಮತ್ತು ಆ ಕಷ್ಟವೇ ಅವನನ್ನು ಮತ್ತೆ ಸೀಸೆಯ ಕಡೆಗೆ ಎಳೆಯುತ್ತದೆ. ಚುಚ್ಚಿಕೊಂಡ ಮರುವಾರ ಎಲ್ಲ ಸರಿಹೋದಂತೆ ಅನ್ನಿಸುವುದು ಸುಳ್ಳಲ್ಲ. ಅವಲಂಬನೆ ಬೇರೂರುವುದು ಆ ಅನಿಸಿಕೆಯಲ್ಲೇ. ಪ್ರಾಣಿಗಳು ಕೂಡ ಟೆಸ್ಟೋಸ್ಟಿರೋನನ್ನು ತಾವಾಗಿ ತೆಗೆದುಕೊಳ್ಳಲು ಕಲಿಯುತ್ತವೆ ಎಂದು ತೋರಿಸಿದ್ದಾರೆ. ಆದ್ದರಿಂದ ಮರಳಿ ಹೋಗುವುದನ್ನು ಅವನ ಗುಣದ ಕೊರತೆಯೆಂದು ನೋಡಬೇಡಿ.

ಜಿಮ್ಮಿನ ಗೆಳೆಯರು ಅವನಿಗೆ ಈಗಾಗಲೇ "ಪಿಸಿಟಿ" ಎಂಬ ಉಪಾಯ ಹೇಳಿರುತ್ತಾರೆ: ಕ್ಲೊಮಿಫೀನ್, ಟಮಾಕ್ಸಿಫೆನ್‌ನಂಥ ಮಾತ್ರೆಗಳನ್ನು ತಾವೇ ತಂದು ನುಂಗುವುದು. ಇವು ಪಿಟ್ಯುಟರಿಯನ್ನು ಬೇಗ ಎಬ್ಬಿಸಬಲ್ಲ ಔಷಧಗಳೇ ಹೌದು, ತಜ್ಞರು ಕೆಲವೊಮ್ಮೆ ಬಳಸುವುದೂ ಉಂಟು. ಆದರೆ ಇವಕ್ಕೆ ದೃಷ್ಟಿ ಮಸುಕಾಗುವುದು, ಮನಸ್ಸಿನ ಏರುಪೇರು, ರಕ್ತ ಹೆಪ್ಪುಗಟ್ಟುವುದು ಮುಂತಾದ ಅಡ್ಡ ಪರಿಣಾಮಗಳಿವೆ, ಈಗಾಗಲೇ ಕುಗ್ಗಿದ ಮನಸ್ಸಿಗೆ ಇವು ಒಳ್ಳೆಯವಲ್ಲ. ಪರೀಕ್ಷೆಯಿಲ್ಲದೆ, ಕಳ್ಳದಾರಿಯ ಮಾತ್ರೆಯಾಗಿ, ಖಂಡಿತ ಬೇಡ. ವೈದ್ಯರೇ ಸ್ವಲ್ಪ ಟೆಸ್ಟೋಸ್ಟಿರೋನ್ ಕೊಡಬಾರದೇ ಎಂಬ ಪ್ರಶ್ನೆಯೂ ಬರುತ್ತದೆ. ಕೊಟ್ಟರೆ ವಾರದಲ್ಲಿ ಹುಷಾರಾಗುತ್ತಾನೆ, ಆದರೆ ಏಳಬೇಕಾದ ಒಳಗಿನ ವ್ಯವಸ್ಥೆ ಮತ್ತೆ ಮಲಗುತ್ತದೆ. ಬಹುದಿನವಾದರೂ ಚೇತರಿಕೆಯೇ ಇಲ್ಲದ ಅಪರೂಪದ ಸಂದರ್ಭಕ್ಕೆ ಅದನ್ನು ಮೀಸಲಿಡುತ್ತೇನೆ.

ಖಿನ್ನತೆ ಗಾಢವಾಗಿದ್ದರೆ ಮನೋವೈದ್ಯರ ನೆರವು ಹಾರ್ಮೋನು ಮರಳುವವರೆಗೆ ಕಾಯಬಾರದು. ಆಪ್ತಸಲಹೆ, ಬೇಕೆನಿಸಿದರೆ ಔಷಧ, ಎರಡಕ್ಕೂ ಈಗಲೇ ಜಾಗವಿದೆ. ನೆನಪಿನ ಶಕ್ತಿಯ ಮಾತ್ರೆ, ಟಾನಿಕ್ ಯಾವುದೂ ಬೇಡ. ಗಮನ ನಿಲ್ಲುವುದಿಲ್ಲವೆಂದು ಎಡಿಎಚ್‌ಡಿ (ಗಮನ ಕೊರತೆ, ಅತಿ ಚಟುವಟಿಕೆಯ ತೊಂದರೆ) ಔಷಧ ಶುರುಮಾಡುವ ಅವಸರವೂ ಬೇಡ. ಆ ತೊಂದರೆ ಇದೆಯೇ ಎಂಬ ಪರೀಕ್ಷೆ ಬೇಕೆನಿಸಿದರೆ, ಹಾರ್ಮೋನು ಮರಳಿ ಕೆಲವು ತಿಂಗಳು ಕಳೆದ ಮೇಲೆ ಮಾಡಿಸಿ.

ವ್ಯಾಯಾಮವನ್ನು ಮಾತ್ರ ನಿಲ್ಲಿಸಬೇಡಿ. ಸಿಟ್ಟಿನಲ್ಲಿ ಹಲವು ತಂದೆತಾಯಿ ಮಾಡುವ ತಪ್ಪು ಇದು, ಮತ್ತು ನಾನು ಇದನ್ನು ಒತ್ತಿ ಹೇಳಲು ಬಯಸುತ್ತೇನೆ. ಬೆವರು ಬರುವಂಥ ಓಟ, ಈಜು, ಸೈಕಲ್ ಸವಾರಿ ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಎಂಬ ಪ್ರೋಟೀನನ್ನು ಹೆಚ್ಚಿಸುತ್ತವೆ, ನಿದ್ದೆ ತರುತ್ತವೆ, ಮನಸ್ಸನ್ನು ಎತ್ತುತ್ತವೆ. ಭಾರ ಎತ್ತುವುದೂ ಇರಲಿ, ಆದರೆ ಆ ಜಿಮ್ ಬೇಡ, ಆ ಗೆಳೆಯನ ಜೊತೆ ಬೇಡ. ಸ್ನಾಯು ಸ್ವಲ್ಪ ಇಳಿಯುತ್ತದೆ, ಅದು ಅವನಿಗೆ ದೊಡ್ಡ ನಷ್ಟವೆನಿಸುತ್ತದೆ. "ಹೋದರೆ ಹೋಗಲಿ" ಎಂದು ಹಗುರ ಮಾಡಬೇಡಿ. ಎಷ್ಟು ದಪ್ಪವಾದರೂ ತಾನು ಸಣಕಲ ಎಂದೇ ಅವನಿಗೆ ಅನ್ನಿಸುತ್ತಿದ್ದರೆ ಅದು ಸ್ವತಃ ಚಿಕಿತ್ಸೆ ಬೇಕಾದ ಸಂಗತಿ, ಆಪ್ತಸಲಹೆಗಾರರಿಗೆ ತಿಳಿಸಿ. ಅನೇಕ ಹುಡುಗರು ಸೂಜಿ ಹಿಡಿಯುವುದರ ಮೂಲ ಅಲ್ಲಿರುತ್ತದೆ.

ಓದಿನ ವಿಷಯದಲ್ಲಿ, ಒಂದೇ ಲೆಕ್ಕವನ್ನು ಹತ್ತು ಸಲ ಮಾಡಿಸುವ ಬದಲು, ಎರಡು ಮೂರು ಬಗೆಯ ಲೆಕ್ಕಗಳನ್ನು ಬೆರೆಸಿ, 25 ನಿಮಿಷಕ್ಕೊಮ್ಮೆ ಎದ್ದು ಓಡಾಡುವಂತೆ ಬಿಟ್ಟು ಮಾಡಿಸಿ. ಒಂದು ದಾರಿಯಲ್ಲಿ ಎರಡು ಸಲ ತಪ್ಪಿದರೆ ಪೆನ್ನು ಕೆಳಗಿಟ್ಟು, ಈ ಲೆಕ್ಕ ಏನು ಕೇಳುತ್ತಿದೆ ಎಂದು ಬಾಯಿಬಿಟ್ಟು ಹೇಳಿ, ಆಮೇಲೆ ಹೊಸ ಹಾಳೆಯಲ್ಲಿ ಶುರುಮಾಡುವುದನ್ನು ರೂಢಿ ಮಾಡಿಸಿ. ಹೊರಳುವ ಅಭ್ಯಾಸವನ್ನು ಬೆಳೆಸಲು ಇದಕ್ಕಿಂತ ಸರಳವಾದದ್ದು ನನಗೆ ಗೊತ್ತಿಲ್ಲ. ರಾತ್ರಿ ಎಂಟು ಗಂಟೆಯ ನಿದ್ದೆಗೆ ಅಡ್ಡ ಬರುವ ಯಾವ ಓದೂ ಈಗ ಬೇಡ, ಏಕೆಂದರೆ ಹಗಲು ಓದಿದ್ದು ಗಟ್ಟಿಯಾಗುವ ಕೆಲಸದ ದೊಡ್ಡ ಭಾಗ ನಿದ್ದೆಯಲ್ಲೇ ನಡೆಯುತ್ತದೆ.

ಕೊನೆಗೆ ಪರೀಕ್ಷೆ. ಇವತ್ತೇ ಬಿಡಿಸಬೇಡಿ. ಮೂರು ತಿಂಗಳು ಎಂದರೆ ಅವನ ಹಾರ್ಮೋನು ಏಳಲು ತೊಡಗುವ ಅವಧಿಯೇ. ಮೊದಲ ರಕ್ತ ಪರೀಕ್ಷೆ ಈ ವಾರ, ಮತ್ತೊಂದು ಆರು ವಾರದ ನಂತರ ಮಾಡಿಸಿ. ಆಗ ಎಲ್‌ಎಚ್ ಏರಿದ್ದು, ನಿದ್ದೆ ಸರಿಯಾಗಿ, ಮನೆಯವರೊಡನೆ ಮಾತು ಮರಳಿದ್ದರೆ ಬರೆಯಲಿ. ಅಂಕ ಎಷ್ಟೇ ಬರಲಿ, ಅದನ್ನು ಅವನ ಮಿದುಳಿನ ವರದಿ ಎಂದು ಓದಬೇಡಿ. ಏರದಿದ್ದರೆ, ಅಥವಾ ಮನಸ್ಸು ಇನ್ನೂ ಕುಗ್ಗಿದ್ದರೆ, ವೈದ್ಯರಿಂದ ಪತ್ರ ಪಡೆದು ಮುಂದಿನ ಸರದಿಗೆ ಹಾಕಿಸಿ. ಆ ತೀರ್ಮಾನ ಮಾಡುವಾಗ ಅವನನ್ನೂ ಜೊತೆಗೆ ಕೂರಿಸಿಕೊಂಡು, ಎರಡೂ ರಕ್ತ ವರದಿಗಳನ್ನು ಅವನ ಕೈಗೇ ಕೊಡಿ. ಸಂಖ್ಯೆಗಳನ್ನು ಓದಲು ಬಲ್ಲ ಹುಡುಗ, ಏರುತ್ತಿರುವುದನ್ನು ತಾನೇ ನೋಡಲಿ.